ವಿಂಗ್-ಟಿ ಬಿಟ್ಟು ಏರ್ ರೇಡ್: ಮಗನ ಶಾಲೆಯ ಫುಟ್‌ಬಾಲ್ ತಂಡ ವರಸೆಯನ್ನೇ ಬದಲಿಸುತ್ತಿದೆ, ಗಾರ್ಡ್ ಹುಡುಗನ ಗತಿ ಏನು?

ಹಾಸನದಿಂದ ಡಲ್ಲಾಸ್‌ಗೆ · ಏಪ್ರಿಲ್ 9

ಡಲ್ಲಾಸ್‌ನಿಂದ ಉತ್ತರಕ್ಕೆ ಮುಕ್ಕಾಲು ಗಂಟೆ ದೂರದ ಊರಿನಲ್ಲಿದ್ದೇವೆ. ಮಗ ಈಗ ಹತ್ತನೆಯ ತರಗತಿ. ಏಳನೆಯ ತರಗತಿಯಿಂದಲೂ ಶಾಲೆಯ ಫುಟ್‌ಬಾಲ್ ತಂಡದಲ್ಲಿ ಗಾರ್ಡ್ ಆಗಿ, ಎಂದರೆ ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಯನ್ನು ತಡೆಯುವವರಲ್ಲೊಬ್ಬನಾಗಿ, ಆಡುತ್ತಿದ್ದಾನೆ. ಅಮೆರಿಕನ್ ಫುಟ್‌ಬಾಲ್ ಎಂದು ಬೇರೆ ಹೇಳಬೇಕಿಲ್ಲ. ಟೆಕ್ಸಸ್‌ನಲ್ಲಿ ಶುಕ್ರವಾರ ರಾತ್ರಿ ಊರಿಗೆ ಊರೇ ಹೋಗಿ ಕೂರುವುದು ಆ ಒಂದು ಆಟಕ್ಕೆ ಮಾತ್ರ.

ಎತ್ತರ 5 ಅಡಿ 9 ಅಂಗುಲ, ತೂಕ 185 ಪೌಂಡ್. ಆ ಸಾಲಿನ ಲೈನ್‌ಮನ್‌ಗಳ ನಡುವೆ ನಿಂತರೆ ಎಮ್ಮೆಗಳ ಹಿಂಡಿನಲ್ಲಿ ಸಿಕ್ಕ ಕರುವಿನಂತೆ ಕಾಣುತ್ತಾನೆ. ಆದರೂ ಅವನಿಗೊಂದು ಜಾಗವಿತ್ತು. ನಮ್ಮ ಶಾಲೆ ಇಪ್ಪತ್ತು ವರ್ಷಗಳಿಂದ ವಿಂಗ್-ಟಿ ಎಂಬ ಓಟದ ವರಸೆ ಆಡುತ್ತಿತ್ತು. ಅದರಲ್ಲಿ ಗಾರ್ಡ್ ಎಂದರೆ ಎದುರಿನವನನ್ನು ನೂಕುತ್ತ ನಿಂತಲ್ಲೇ ನಿಲ್ಲುವವನಲ್ಲ. ಸ್ನ್ಯಾಪ್ ಆದೊಡನೆ, ಎಂದರೆ ಸಾಲಿನ ನಡುವಿನವನು ಚೆಂಡನ್ನು ಹಿಂದಕ್ಕೆ ಕೊಟ್ಟೊಡನೆ, ತನ್ನ ಜಾಗ ಬಿಟ್ಟು, ಸಾಲಿನ ಹಿಂದಿನಿಂದ ಅಡ್ಡಕ್ಕೆ ಓಡಿ, ಚೆಂಡು ಹಿಡಿದವನಿಗಿಂತ ಮೊದಲೇ ಅಂಚು ಮುಟ್ಟಿ ದಾರಿ ಬಿಡಿಸಬೇಕು. ಮಂತ್ರಿಯ ಕಾರಿನ ಮುಂದೆ ಸೈರನ್ ಹಾಕಿಕೊಂಡು ಹೋಗುವ ಪೊಲೀಸ್ ಜೀಪು ಎಂದುಕೊಳ್ಳಿ. ಮಗನಿಗೆ ತೂಕವಿಲ್ಲ, ಆದರೆ ಕಾಲಿದೆ.

ಹಳೆಯ ಕೋಚ್ ನಿವೃತ್ತರಾದರು. ಹೊಸಬರು ಜನವರಿಯಲ್ಲಿ ಬಂದರು. ಕಳೆದ ವಾರ ಪೋಷಕರ ಸಭೆ ಕರೆದು, ಇನ್ನು ಮುಂದೆ ಏರ್ ರೇಡ್ ಎಂದು ಘೋಷಿಸಿದರು. ಎಸೆತ ಹೆಚ್ಚು, ಓಟ ಕಡಿಮೆ. ಆಟದ ನಡುವೆ ಗುಂಪುಗೂಡಿ ಮಾತಾಡುವ ಹಡಲ್ ಇಲ್ಲ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಐದು ಗಜ ಹಿಂದೆ ನಿಲ್ಲುತ್ತಾನೆ, ಎಸೆತ ಹಿಡಿಯುವ ನಾಲ್ಕು ರಿಸೀವರ್‌ಗಳು ಮೈದಾನದ ಉದ್ದಗಲಕ್ಕೆ ಹರಡಿಕೊಳ್ಳುತ್ತಾರೆ. ರಿಸೀವರ್ ಹುಡುಗರ ಅಪ್ಪಂದಿರು ಚಪ್ಪಾಳೆ ತಟ್ಟಿದರು. ಲೈನ್‌ಮನ್ ಅಪ್ಪಂದಿರು ನಾವೆಲ್ಲ ನಮ್ಮ ನಮ್ಮ ಕಾಫಿ ಲೋಟದ ತಳ ನೋಡುತ್ತ ಕುಳಿತಿದ್ದೆವು.

ಈ ವರಸೆಯಲ್ಲಿ ಸಣ್ಣ ಗಾರ್ಡ್‌ಗೆ ಜಾಗವಿದೆಯೇ? ಬಲ್ಲವರು ಹೇಳಿ. ಸಮಾಧಾನದ ಮಾತು ಬೇಡ, ಅದನ್ನು ನಾನೇ ಮನೆಯಲ್ಲಿ ದಿನಾ ಹೇಳುತ್ತಿದ್ದೇನೆ.

ಮಂಡ್ಯ-ಒಹಾಯೊ · ಏಪ್ರಿಲ್ 9

ಸಮಾಧಾನ ಬೇಡ ಎಂದಿದ್ದೀರಿ, ಆದ್ದರಿಂದ ನೇರವಾಗಿ ಹೇಳುತ್ತೇನೆ. ನಿಮ್ಮ ಹೊಸ ಕೋಚ್ ಚೆನ್ನಾಗಿ ಫಲ ಕೊಡುತ್ತಿದ್ದ ಮರ ಕಡಿದು ಆ ಜಾಗದಲ್ಲಿ ಕ್ರೋಟನ್ ಗಿಡ ನೆಡುತ್ತಿದ್ದಾರೆ.

ನನ್ನ ಮಗ ಇಲ್ಲಿ ನಾಲ್ಕು ವರ್ಷ ಅದೇ ಸಾಲಿನಲ್ಲಿ ಟ್ಯಾಕಲ್ ಆಗಿ ಆಡಿದ. ಆ ನಾಲ್ಕು ವರ್ಷದಲ್ಲಿ ನಾನು ಕಲಿತ ಪಾಠವೆಂದರೆ, ಸರ್ಕಾರಿ ಶಾಲೆಯ ಕೋಚ್‌ಗೆ ಆಟಗಾರರನ್ನು ಆರಿಸಿ ತರುವ ಭಾಗ್ಯವಿಲ್ಲ. ಆ ಶಾಲೆಯ ವ್ಯಾಪ್ತಿಯಲ್ಲಿ ಯಾರು ಮನೆ ಮಾಡಿದ್ದಾರೋ ಅವರ ಮಕ್ಕಳೇ ಅವನ ತಂಡ. ಗುರಿಯಿಟ್ಟು ನಲವತ್ತು ಗಜ ಎಸೆಯಬಲ್ಲ ಹುಡುಗ ನಾಲ್ಕೈದು ವರ್ಷಕ್ಕೊಬ್ಬ ಸಿಕ್ಕರೆ ಪುಣ್ಯ. ಮೈ ಬಗ್ಗಿಸಿ ದುಡಿಯುವ ಮಧ್ಯಮ ಗಾತ್ರದ ಹುಡುಗರು ಪ್ರತಿ ವರ್ಷವೂ ಸಿಗುತ್ತಾರೆ. ವಿಂಗ್-ಟಿ ಹುಟ್ಟಿದ್ದೇ ಅಂಥವರಿಗಾಗಿ. 1950ರ ದಶಕದಲ್ಲಿ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ನೆಲ್ಸನ್ ಅದನ್ನು ಬೆಳೆಸಿದರು, ಅವರ ನಂತರ ಟಬ್ಬಿ ರೇಮಂಡ್ ದಶಕಗಳ ಕಾಲ ನಡೆಸಿದರು. ಕೋನ, ಕಣ್ಕಟ್ಟು, ಹೊತ್ತು: ಈ ಮೂರನ್ನು ನಂಬಿದ ಆಟ ಅದು, ತೋಳ್ಬಲವನ್ನಲ್ಲ.

ಕ್ಯಾಲಿಫೋರ್ನಿಯಾದ ಡಿ ಲಾ ಸಾಲ್ ಶಾಲೆ ಸತತ 151 ಪಂದ್ಯ ಗೆದ್ದದ್ದು ಎಲ್ಲರಿಗೂ ಗೊತ್ತು. ಅವರ ಆಟವೂ ಓಟದ್ದೇ, ವೀರ್ ಎಂಬ ವರಸೆ. 2004ರ ಸೆಪ್ಟೆಂಬರ್‌ನಲ್ಲಿ ಆ ಸರಣಿ ಮುರಿದ ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂ ಶಾಲೆ ಏನು ಆಡುತ್ತಿತ್ತು ಗೊತ್ತೇ? ವಿಂಗ್-ಟಿ.

ಜೆರ್ಸಿ 82 · ಏಪ್ರಿಲ್ 10

ಹಾಸನ ಅಂಕಲ್, ನಾನು ಟೆಕ್ಸಸ್‌ನಲ್ಲೇ ಹುಟ್ಟಿ ಬೆಳೆದವನು, ಶಾಲೆಯಲ್ಲಿ ಮೂರು ವರ್ಷ ರಿಸೀವರ್ ಆಗಿದ್ದೆ. ಕನ್ನಡ ಭಾನುವಾರದ ಶಾಲೆಯಲ್ಲಿ ಕಲಿತದ್ದು, ತಪ್ಪಿದ್ದರೆ ತಿದ್ದಿ.

ಮಂಡ್ಯ ಅಂಕಲ್ ಹೇಳಿದ ಕಾರಣವನ್ನೇ ತಿರುಗಿಸಿ ನೋಡಿ. ಏರ್ ರೇಡ್ ಕೂಡ ಬಡವರ ಮನೆಯ ಅಡುಗೆಯೇ. ಹಾಲ್ ಮಮ್ಮಿ 1980ರ ದಶಕದ ಉತ್ತರಾರ್ಧದಲ್ಲಿ ಇದೇ ಟೆಕ್ಸಸ್‌ನ ಕೊಪರಸ್ ಕೋವ್ ಎಂಬ ಊರಿನ ಹೈಸ್ಕೂಲಿನಲ್ಲಿ ಕೋಚ್ ಆಗಿದ್ದರು. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಲವೆಲ್ ಎಡ್ವರ್ಡ್ಸ್ ಆಡಿಸುತ್ತಿದ್ದ ಎಸೆತದ ಆಟವನ್ನು ತಂದು, ಅದರಲ್ಲಿ ಬೇಡದ್ದನ್ನೆಲ್ಲ ಕಿತ್ತೆಸೆದು, ಹೈಸ್ಕೂಲ್ ಹುಡುಗರ ಕೈಗೆ ದಕ್ಕುವ ಹಾಗೆ ಮಾಡಿದರು. 1989ರಲ್ಲಿ ಅಯೋವ ವೆಸ್ಲಿಯನ್ ಎಂಬ ಸಣ್ಣ ಕಾಲೇಜಿಗೆ ಹೋದಾಗ ಮೈಕ್ ಲೀಚ್ ಜೊತೆಯಾದರು. ಮುಂದೆ ಕೆಂಟಕಿ, ಟೆಕ್ಸಸ್ ಟೆಕ್ ಎಲ್ಲ ಆದವು. ಮೂಲ ಮಾತ್ರ ಹೈಸ್ಕೂಲ್ ಮೈದಾನವೇ.

ಇದರ ಗುಟ್ಟು ದೂರದ ಎಸೆತವಲ್ಲ. ಪ್ಲೇಗಳ, ಎಂದರೆ ಮೊದಲೇ ಹೊಂದಿಸಿಟ್ಟ ಚಾಲುಗಳ, ಸಂಖ್ಯೆ ಬಹಳ ಕಡಿಮೆ, ಅವನ್ನೇ ನಿದ್ದೆಯಲ್ಲೂ ಆಡುವಷ್ಟು ಸಲ ಆಡಿಸುತ್ತಾರೆ. "ಮೆಶ್" ಎಂಬುದನ್ನೇ ತೆಗೆದುಕೊಳ್ಳಿ. ಇಬ್ಬರು ರಿಸೀವರ್‌ಗಳು ಎರಡು ಬದಿಯಿಂದ ನಡುವಿಗೆ ಓಡಿಬಂದು, ಕೈ ಚಾಚಿದರೆ ತಾಗುವಷ್ಟು ಹತ್ತಿರದಲ್ಲಿ ಒಬ್ಬರನ್ನೊಬ್ಬರು ದಾಟುತ್ತಾರೆ. ಅವರ ಬೆನ್ನು ಹತ್ತಿದ ಡಿಫೆನ್ಸ್ ಹುಡುಗರು ಒಬ್ಬರಿಗೊಬ್ಬರು ಅಡ್ಡವಾಗುತ್ತಾರೆ. ಎಸೆತ ಆರೇಳು ಗಜದ್ದು, ಉಳಿದದ್ದು ಓಟ. ನಾವು ಅಭ್ಯಾಸದಲ್ಲಿ ನಿಜವಾಗಿಯೂ ಪರಸ್ಪರ ಕೈ ತಟ್ಟಿ ದಾಟುತ್ತಿದ್ದೆವು, ಎಷ್ಟು ಹತ್ತಿರ ಎಂಬುದು ಮೈಗೆ ಗೊತ್ತಾಗಲಿ ಎಂದು.

ಲೈನ್ ವಿಷಯ: ಇದರಲ್ಲಿ ಲೈನ್‌ಮನ್‌ಗಳ ನಡುವೆ ಮೂರು ಅಡಿಯವರೆಗೂ ಅಂತರ ಬಿಡುವುದುಂಟು. ಅಂಚಿನಿಂದ ನುಗ್ಗುವವನು ಅಷ್ಟು ದೂರ ಹೆಚ್ಚು ಸುತ್ತಿ ಬರಬೇಕು. ಲೈನ್‌ಮನ್ ಮುಂದಕ್ಕೆ ನುಗ್ಗುವ ಬದಲು ಹಿಂದಕ್ಕೆ ಜಾರುತ್ತ ತಡೆಯಬೇಕು. ಅದಕ್ಕೂ ಕಾಲೇ ಬೇಕು.

ಮಂಡ್ಯ-ಒಹಾಯೊ · ಏಪ್ರಿಲ್ 10

> ಅದಕ್ಕೂ ಕಾಲೇ ಬೇಕು

ಕಾಲೂ ಬೇಕು, ಉದ್ದನೆಯ ಕೈಯೂ ಬೇಕು. ಓಟದ ಆಟದಲ್ಲಿ ಹೊಡೆತ ನಿನ್ನದು, ಎದುರಿನವನು ತಡೆದುಕೊಳ್ಳಬೇಕು. ಎಸೆತದ ಆಟದಲ್ಲಿ ಹೊಡೆತ ಅವನದು, ನೀನು ತಡೆದುಕೊಳ್ಳಬೇಕು. 185 ಪೌಂಡಿನ ಹುಡುಗ 250 ಪೌಂಡಿನವನಿಂದ ತಪ್ಪಿಸಿಕೊಂಡು ಓಡುವುದು ಒಂದು ಮಾತು, ಅವನನ್ನು ಎದೆಗೊಟ್ಟು ಮೂರು ಸೆಕೆಂಡು ನಿಲ್ಲಿಸುವುದು ಇನ್ನೊಂದು ಮಾತು. ಕನ್ನಡದಲ್ಲಿ ತಪ್ಪಿಲ್ಲ ಮಗು, ಫುಟ್‌ಬಾಲ್‌ನಲ್ಲಿದೆ.

ಬಸವನಗುಡಿ ಅಜ್ಜಿ · ಏಪ್ರಿಲ್ 11

ಮೊಮ್ಮಗ ಆಸ್ಟಿನ್‌ನಲ್ಲಿ ಈ ಆಟಕ್ಕೆ ಸೇರುತ್ತೇನೆಂದು ಹಟ ಹಿಡಿದಿದ್ದಾನೆ, ಅದಕ್ಕಾಗಿ ಇದನ್ನೆಲ್ಲ ಓದುತ್ತಿದ್ದೇನೆ. ನನಗೊಂದು ಅರ್ಥವಾಗುವುದಿಲ್ಲ. ಕೋಚ್ ಬದಲಾದರೆ ಬದಲಾಗಲಿ, ಹುಡುಗನ ಜಾಗ ಏಕೆ ಹೋಗಬೇಕು? ನಮ್ಮ ಕಡೆ ಕ್ರಿಕೆಟ್ ಕೋಚ್ ಬದಲಾದರೆ ಸ್ಪಿನ್ನರ್ ಸ್ಪಿನ್ನರ್ ಆಗಿಯೇ ಇರುತ್ತಾನಲ್ಲ?

ಲೆಕ್ಕದ ಮೇಷ್ಟರು · ಏಪ್ರಿಲ್ 11

ಅಮ್ಮಾ, ಒಳ್ಳೆಯ ಪ್ರಶ್ನೆ. ಕಬಡ್ಡಿಗೆ ಬನ್ನಿ. ಏಳು ಜನರಲ್ಲಿ ಕಾರ್ನರ್‌ನವನು ಪಾದ ಹಿಡಿಯುವುದರಲ್ಲಿ ಪಳಗಿದವನು ಎಂದುಕೊಳ್ಳಿ. ಹೊಸ ಗುರು ಬಂದು, ನಾವು ಇನ್ನು ಮುಂದೆ ಪಾದ ಹಿಡಿಯುವುದೇ ಇಲ್ಲ, ಸರಪಳಿ ಕಟ್ಟಿ ದಬ್ಬಿ ಹೊರಹಾಕುವುದೇ ನಮ್ಮ ವರಸೆ ಎಂದರೆ? ಆ ಹುಡುಗ ಅದೇ ಹುಡುಗ, ಕಲಿತದ್ದು ಮಾತ್ರ ಕೆಲಸಕ್ಕೆ ಬಾರದು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಇದು ಇನ್ನೂ ಬಿಗಿ. ಪ್ರತಿ ಪ್ಲೇಗೆ ಹನ್ನೊಂದು ಜನಕ್ಕೂ ಹನ್ನೊಂದು ಬೇರೆ ಬೇರೆ ಕೆಲಸ ಮೊದಲೇ ಬರೆದಿಟ್ಟಿರುತ್ತದೆ. ಅವರಲ್ಲಿ ಏಳು ಜನ ಗೆರೆಯ ಮೇಲೆ ನಿಲ್ಲಲೇಬೇಕು. ನಡುವಿನ ಐವರು ಸಾಮಾನ್ಯವಾಗಿ 50ರಿಂದ 79ರವರೆಗಿನ ಅಂಕಿ ತೊಟ್ಟವರು, ಅವರು ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವಂತಿಲ್ಲ. ಹಾಸನದವರ ಮಗ ಆ ಐವರಲ್ಲೊಬ್ಬ.

ಅಂದಹಾಗೆ ಈ ನಿಯಮವನ್ನೇ ಬುಡಮೇಲು ಮಾಡಿದ ಶಾಲೆಯೂ ಒಂದಿದೆ. ಕ್ಯಾಲಿಫೋರ್ನಿಯಾದ ಪೀಡ್ಮಾಂಟ್ ಹೈಸ್ಕೂಲ್. ಚೆಂಡನ್ನು ಒದೆಯುವ ವ್ಯೂಹಕ್ಕೆ ಅಂಕಿಯ ನಿಯಮದಿಂದ ಇದ್ದ ವಿನಾಯಿತಿಯನ್ನು ಹಿಡಿದು, 2007ರಲ್ಲಿ ಹನ್ನೊಂದೂ ಜನ ರಿಸೀವರ್ ಆಗಬಹುದೇನೋ ಎಂಬಂತೆ ನಿಲ್ಲಿಸಿದರು. ಎ-11 ಎಂದು ಹೆಸರು. 2009ರಲ್ಲಿ ರಾಷ್ಟ್ರೀಯ ಹೈಸ್ಕೂಲ್ ಒಕ್ಕೂಟ ಆ ಕಿಂಡಿ ಮುಚ್ಚಿತು. ವರಸೆ ಬದಲಿಸುವವರ ಉತ್ಸಾಹ ಎಲ್ಲಿಯವರೆಗೆ ಹೋಗುತ್ತದೆ ನೋಡಿ.

ತುತ್ತೂರಿ ತಾಯಿ · ಏಪ್ರಿಲ್ 12

ನನ್ನ ಮಗಳು ಶಾಲೆಯ ಮಾರ್ಚಿಂಗ್ ಬ್ಯಾಂಡ್‌ನಲ್ಲಿ ಟ್ರಂಪೆಟ್. ನಮ್ಮ ಶಾಲೆ ಎರಡು ವರ್ಷದ ಹಿಂದೆ ಹೀಗೆಯೇ ಬದಲಾಯಿತು. ಯಾರೂ ಹೇಳದ ಎರಡು ಸಂಗತಿ ಹೇಳುತ್ತೇನೆ.

ಒಂದು, ಬ್ಯಾಂಡ್‌ಗೆ ಹೊಟ್ಟೆಯ ಮೇಲೆ ಹೊಡೆದ ಹಾಗಾಯಿತು. ಪ್ಲೇ ನಡೆಯುವಾಗ ನುಡಿಸುವಂತಿಲ್ಲ, ಎರಡು ಪ್ಲೇಗಳ ನಡುವಿನ ಬಿಡುವೇ ನಮ್ಮ ಪಾಲಿನ ಪ್ರಸಾದ. ಹಡಲ್ ಇದ್ದ ಕಾಲದಲ್ಲಿ ಎಂಟು ಸಾಲಿನ ತುಣುಕು ಹಾಯಾಗಿ ಮುಗಿಯುತ್ತಿತ್ತು. ಈಗ ತುತ್ತೂರಿ ತುಟಿಗೆ ಏರಿಸುವಷ್ಟರಲ್ಲಿ ಮುಂದಿನ ಸ್ನ್ಯಾಪ್.

ಎರಡು, ತಿಂಡಿ ಅಂಗಡಿ. ಬೂಸ್ಟರ್ ಕ್ಲಬ್ಬಿನ ಪರವಾಗಿ ಪೋಷಕರೇ ಅಲ್ಲಿ ನಾಚೋಸ್, ಫ್ರಿಟೋ ಪೈ, ಉಪ್ಪಿನಕಾಯಿ ಸೌತೆ ಮಾರುತ್ತೇವಲ್ಲ. ಕೈತಪ್ಪಿದ ಪ್ರತಿ ಎಸೆತಕ್ಕೂ ಗಡಿಯಾರ ನಿಲ್ಲುತ್ತದೆ. ಮೊದಲು ಹತ್ತು ಗಂಟೆಗೆ ಮನೆ ಸೇರುತ್ತಿದ್ದವಳು ಈಗ ಹನ್ನೊಂದಕ್ಕೂ ಚೀಸ್ ಡಬ್ಬಿ ತೊಳೆಯುತ್ತಿರುತ್ತೇನೆ. ಮಾರಾಟವೇನೋ ಹೆಚ್ಚಾಗಿದೆ.

ಹಾಸನದಿಂದ ಡಲ್ಲಾಸ್‌ಗೆ · ಏಪ್ರಿಲ್ 28

ಎಲ್ಲರಿಗೂ ವಂದನೆ. ಸುದ್ದಿ ಇದೆ. ಲೈನ್ ಕೋಚ್ ಮಗನನ್ನು ಕರೆದು, ಗಾರ್ಡ್ ಜಾಗಕ್ಕೆ ನಿನಗಿಂತ ದೊಡ್ಡ ಇಬ್ಬರನ್ನು ನೋಡುತ್ತಿದ್ದೇನೆ, ನೀನು ಸೆಂಟರ್ ಪ್ರಯತ್ನಿಸು ಎಂದಿದ್ದಾರೆ. ಸಾಲಿನ ನಡುವೆ ನಿಂತು ಸ್ನ್ಯಾಪ್ ಮಾಡುವವನೇ ಸೆಂಟರ್. ಹಿಂದಿನ ಸೆಂಟರ್ ಹುಡುಗ ಹನ್ನೆರಡು ಮುಗಿಸಿ ಹೋಗುತ್ತಿದ್ದಾನೆ. ಮೇ ತಿಂಗಳಲ್ಲಿ ಸ್ಪ್ರಿಂಗ್ ಪ್ರಾಕ್ಟೀಸ್. ಅಷ್ಟರಲ್ಲಿ ಶಾಟ್‌ಗನ್ ಸ್ನ್ಯಾಪ್ ಕಲಿಯಬೇಕು.

ಹಳೆಯ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಸೆಂಟರ್‌ನ ಬೆನ್ನಿಗಂಟಿಕೊಂಡು ನಿಲ್ಲುತ್ತಿದ್ದ, ಚೆಂಡು ಕೈಯಿಂದ ಕೈಗೆ. ಈಗ ಐದು ಗಜ, ಎಂದರೆ ಹದಿನೈದು ಅಡಿ. ಬಗ್ಗಿ ನಿಂತು, ಎದುರಿಗಿರುವ ರಾಕ್ಷಸನನ್ನು ನೋಡುತ್ತ, ಕಾಲುಗಳ ನಡುವಿನಿಂದ ಹಿಂದಕ್ಕೆ ಒಂದೇ ಕೈಯಲ್ಲಿ ಎಸೆದು, ಅದು ಹಿಂದಿರುವವನ ಎದೆಗೆ ಸರಿಯಾಗಿ ತಲುಪಬೇಕು. ಎಸೆದ ಮರುಕ್ಷಣ ಆ ರಾಕ್ಷಸ ಮೈಮೇಲೆ.

ಮನೆಯಲ್ಲಿ ಕ್ವಾರ್ಟರ್‌ಬ್ಯಾಕ್ ಯಾರು? ನಾನೇ. ಹಿತ್ತಿಲಿನಲ್ಲಿ ಪಾತ್ರೆ ತೊಳೆಯುವ ಸೋಪಿನ ಬಾಟಲಿ ಇಟ್ಟು ಹದಿನೈದು ಅಡಿ ಗುರುತು ಮಾಡಿದ್ದೇವೆ. ನಿನ್ನೆ ಮೊದಲ ದಿನ. ನಾಲ್ಕನೆಯ ಚೆಂಡು ಬೇಲಿಯಾಚೆ ಹೋಯಿತು, ಏಳನೆಯದು ತುಳಸಿ ಕುಂಡಕ್ಕೆ, ಹನ್ನೊಂದನೆಯದು ನನ್ನ ಕನ್ನಡಕಕ್ಕೆ. ಎಡಗಡೆಯ ಗಾಜು ಹೋಯಿತು. ಹೆಂಡತಿ ಕುಂಡದ ಬಗ್ಗೆ ಮಾತ್ರ ವಿಚಾರಿಸಿದಳು.

ಜೆರ್ಸಿ 82 · ಏಪ್ರಿಲ್ 28

ಅಂಕಲ್, ಎಲ್ಲರೂ ಕ್ವಾರ್ಟರ್‌ಬ್ಯಾಕ್, ರಿಸೀವರ್ ಎನ್ನುತ್ತಾರೆ. ಈ ಆಟ ನಿಂತಿರುವುದು ಸ್ನ್ಯಾಪ್ ಮೇಲೆ. ನಮ್ಮ ತಂಡ ಬದಲಾದ ವರ್ಷ ನಾವು ಸೋತದ್ದು ಎಸೆತ ಬಾರದೆ ಅಲ್ಲ. ಸ್ನ್ಯಾಪ್ ಅರ್ಧ ಅಡಿ ಮೇಲೆ ಬಂದರೆ ಕ್ವಾರ್ಟರ್‌ಬ್ಯಾಕ್‌ನ ಕಣ್ಣು ಡಿಫೆನ್ಸ್ ಬಿಟ್ಟು ಚೆಂಡಿನ ಕಡೆ ಹೊರಳುತ್ತದೆ. ಅವನು ಮತ್ತೆ ತಲೆ ಎತ್ತುವಷ್ಟರಲ್ಲಿ ನಾವು ದಾಟುವ ಜಾಗ ದಾಟಿ ಆಗಿರುತ್ತದೆ. ಆರು ಗಜದ ಮೆಶ್ ಅಲ್ಲಿಗೆ ಹಾಳು.

ಅವನು ಚೆಂಡನ್ನು ತಿರುಗುವಂತೆ ಸ್ಪೈರಲ್ ಹೊಡೆಯುತ್ತಿದ್ದಾನೆಯೇ? ಅದನ್ನು ಬಿಡಿಸಿ. "ಡೆಡ್ ಸ್ನ್ಯಾಪ್" ಎಂಬುದಿದೆ. ಚೆಂಡಿನ ಮುಂದಿನ ಮೂತಿಯನ್ನು ಅಂಗೈಯಲ್ಲಿ ಹಿಡಿದು, ಮಣಿಕಟ್ಟು ತಿರುಗಿಸದೆ, ಕೈಯನ್ನು ಲೋಲಕದಂತೆ ಹಿಂದಕ್ಕೆ ತೂಗಿ ಬಿಡುವುದು. ಚೆಂಡು ತಿರುಗದೆ, ಸೋಮಾರಿಯಾಗಿ ತೇಲುತ್ತ ಬರುತ್ತದೆ. ನೋಡಲು ಅಂದವಿಲ್ಲ, ಆದರೆ ಗುರಿ ತಪ್ಪುವುದು ಕಡಿಮೆ.

ಲೆಕ್ಕದ ಮೇಷ್ಟರು · ಏಪ್ರಿಲ್ 29

ದಿನಕ್ಕೆ ನೂರು ಸ್ನ್ಯಾಪ್ ಎಣಿಸಿ. ಹೊಕ್ಕುಳಿನಿಂದ ಎದೆಯವರೆಗೆ ಬಂದದ್ದು ಒಂದು ಕಾಲಂ, ಹಿಡಿಯಲು ಆದರೂ ಆಚೀಚೆ ಬಂದದ್ದು ಇನ್ನೊಂದು, ಕೈಗೆ ಸಿಗದ್ದು ಮೂರನೆಯದು. ಮೂರನೆಯ ಕಾಲಂ ಸೊನ್ನೆಯಾಗುವವರೆಗೆ ಮೊದಲನೆಯದನ್ನು ನೋಡಲೇಬೇಡಿ.

ನನಗೆ ಇದು ಖೋ ಖೋ ನೆನಪಿಸುತ್ತದೆ. ಎಷ್ಟೇ ವೇಗದ ಓಟಗಾರನಿರಲಿ, ಕುಳಿತವನ ಬೆನ್ನು ಸರಿಯಾಗಿ ಮುಟ್ಟಿ, ಸರಿಯಾದ ಹೊತ್ತಿಗೆ ಖೋ ಎನ್ನದಿದ್ದರೆ ಫೌಲ್. ಶಾಲೆಯಲ್ಲಿ ನಾವು ಓಟಕ್ಕಿಂತ ಹೆಚ್ಚು ಖೋ ಕೊಡುವುದನ್ನೇ ಅಭ್ಯಾಸ ಮಾಡುತ್ತಿದ್ದೆವು.

ಮಂಡ್ಯ-ಒಹಾಯೊ · ಮೇ 3

ಸೆಂಟರ್ ಆಗುವುದಾದರೆ ಒಂದು ಮಾತು ಒಪ್ಪುತ್ತೇನೆ, ಅಲ್ಲಿ ತಲೆ ಬೇಕು. ಡಿಫೆನ್ಸ್ ಹೇಗೆ ನಿಂತಿದೆ ಎಂದು ನೋಡಿ ಉಳಿದ ನಾಲ್ವರಿಗೆ ಕೂಗಿ ಹೇಳುವವನು ಅವನೇ. ಹಡಲ್ ಇಲ್ಲದ ಆಟದಲ್ಲಂತೂ ಅದನ್ನು ಓಡುತ್ತ ಓಡುತ್ತ ಹೇಳಬೇಕು.

ಆದರೆ ನನ್ನ ತಕರಾರು ನಿಂತಿಲ್ಲ. ಮೂರು ಎಸೆತ ಹಾಳಾದರೆ ಮುಕ್ಕಾಲು ನಿಮಿಷ ಕೂಡ ಗಡಿಯಾರದಿಂದ ಹೋಗಿರುವುದಿಲ್ಲ. ಚೆಂಡು ಎದುರಾಳಿಗೆ ಹೋಗುತ್ತದೆ, ಆಗ ತಾನೇ ಕುಳಿತು ನೀರು ಕುಡಿಯುತ್ತಿದ್ದ ನಿಮ್ಮ ಡಿಫೆನ್ಸ್ ಹುಡುಗರು ಮತ್ತೆ ಎದ್ದು ಮೈದಾನಕ್ಕೆ. ನಾಲ್ಕನೆಯ ಕ್ವಾರ್ಟರ್‌ನಲ್ಲಿ ಅವರ ಕಾಲು ನೋಡಿ. ಆಫೆನ್ಸ್ ಕೋಚ್‌ನ ಶೋಕಿಗೆ ಬೆಲೆ ತೆರುವುದು ಡಿಫೆನ್ಸ್.

ಇನ್ನು ಬೇಸಿಗೆಯ ಸೆವೆನ್-ಆನ್-ಸೆವೆನ್. ಲೈನ್‌ಮನ್ ಇಲ್ಲ, ಹೆಲ್ಮೆಟ್ ಇಲ್ಲ, ಯಾರೂ ಯಾರನ್ನೂ ಕೆಡವುವುದಿಲ್ಲ, ಚಡ್ಡಿ ತೊಟ್ಟು ಎಸೆದಾಡುವುದು. ರಿಸೀವರ್ ಹುಡುಗರಿಗೆ ಪ್ರವಾಸ, ನಿಮ್ಮ ಮಗನಂಥವರಿಗೆ ಜಿಮ್ಮಿನಲ್ಲಿ ಕಬ್ಬಿಣ.

ಜೆರ್ಸಿ 82 · ಮೇ 3

ಮಂಡ್ಯ ಅಂಕಲ್, ಸೌತ್‌ಲೇಕ್ ಕ್ಯಾರಲ್ ಶಾಲೆಯನ್ನು ನೋಡಿ. ಟಾಡ್ ಡಾಡ್ಜ್ 2000ದಲ್ಲಿ ಬಂದು, ರಿಸೀವರ್‌ಗಳನ್ನು ಹರಡಿ ನಿಲ್ಲಿಸುವ ಸ್ಪ್ರೆಡ್ ಆಡಿಸಿದರು. 2002, 2004, 2005, 2006: ನಾಲ್ಕು ರಾಜ್ಯ ಪ್ರಶಸ್ತಿ. ಡಿಫೆನ್ಸ್ ಸತ್ತಿದ್ದರೆ ಇಷ್ಟು ಗೆಲ್ಲುತ್ತಿದ್ದರೇ?

ಟೆಕ್ಸಸ್‌ನಲ್ಲಿ ಇನ್ನೊಂದು ಅನುಕೂಲವಿದೆ. ಇಲ್ಲಿನ ಹೈಸ್ಕೂಲುಗಳು ಬಹುಮಟ್ಟಿಗೆ ಕಾಲೇಜು ನಿಯಮಗಳಲ್ಲಿ ಆಡುತ್ತವೆ. ಎಸೆತದ ಮುಂಚೆ ಲೈನ್‌ಮನ್ ಮೂರು ಗಜ ಮುಂದೆ ಹೋಗಬಹುದು, ನಿಮ್ಮ ಒಹಾಯೊದಲ್ಲಿ ಎರಡೇ. ಓಡಲೋ ಎಸೆಯಲೋ ಎಂದು ಸ್ನ್ಯಾಪ್ ಆದ ಮೇಲೆ ನಿರ್ಧರಿಸುವ ಪ್ಲೇಗಳಿಗೆ ಆ ಒಂದು ಗಜ ದೊಡ್ಡದು.

ಮತ್ತೆ, ಎಸೆತದ ಹುಚ್ಚಿಗೆ ಟೆಕ್ಸಸನ್ನು ಬೈಯುವ ಮುಂಚೆ ಮನೆಯ ಕಡೆ ನೋಡಿ. ರನ್ ಅಂಡ್ ಶೂಟ್ ಹುಟ್ಟಿದ್ದು ಒಹಾಯೊದ ಮಿಡಲ್‌ಟೌನ್ ಹೈಸ್ಕೂಲಿನಲ್ಲಿ. 1958ರಲ್ಲಿ ತಂಡ ಸೋಲುತ್ತ ಕುಳಿತಿದ್ದಾಗ ಟೈಗರ್ ಎಲಿಸನ್ ಎಂಬ ಕೋಚ್, ಋತುವಿನ ನಡುವೆಯೇ ಎಲ್ಲ ಬಿಟ್ಟು ಹುಡುಗರನ್ನು ಮೈದಾನದ ಉದ್ದಗಲ ಹರಡಿ ಎಸೆಯಲು ಶುರುಮಾಡಿದರು.

ಮಂಡ್ಯ-ಒಹಾಯೊ · ಮೇ 4

ಮಿಡಲ್‌ಟೌನ್ ನಮ್ಮ ಮನೆಯಿಂದ ನಲವತ್ತು ನಿಮಿಷ. ಅದನ್ನು ನನಗೆ ಹೇಳುತ್ತೀಯಾ? ಗೊತ್ತಿದ್ದೇ ಬಾಯಿ ಮುಚ್ಚಿಕೊಂಡಿದ್ದೆ.

ನಾನೂ ಒಂದು ಕೊಡುತ್ತೇನೆ. ವಿಶ್‌ಬೋನ್ ಎಂಬ ಓಟದ ಆಫೆನ್ಸ್ ಕಟ್ಟಿದ ಎಮರಿ ಬೆಲ್ಲಾರ್ಡ್ ನಿಮ್ಮ ಟೆಕ್ಸಸ್‌ನವರೇ, ಅದಕ್ಕೂ ಮುಂಚೆ ಸ್ಯಾನ್ ಆಂಜಲೋದಲ್ಲಿ ಹೈಸ್ಕೂಲ್ ಕೋಚ್ ಆಗಿದ್ದವರು. 1968ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯ ಅದನ್ನು ಹಿಡಿದು, ಹೊಂದಿಕೊಳ್ಳಲು ಎರಡು ಪಂದ್ಯ ತಿಣುಕಿ, ಆಮೇಲೆ ಸತತ 30 ಪಂದ್ಯ ಗೆದ್ದಿತು. ಇಲ್ಲಿಗೆ ಸಮ.

ನಿರ್ವಾಹಕ · ಮೇ 4

ಕಳೆದ ಹದಿನಾಲ್ಕು ಪ್ರತಿಕ್ರಿಯೆಗಳನ್ನು "ಸಸ್ಯಾಹಾರಿ ಹುಡುಗ ತೂಕ ಹೆಚ್ಚಿಸಿಕೊಳ್ಳುವುದು ಹೇಗೆ" ಎಂಬ ಬೇರೆ ಎಳೆಗೆ ಸರಿಸಲಾಗಿದೆ. ರಾಗಿ ಮುದ್ದೆ ಕುರಿತ ವಾದ ಅಲ್ಲಿ ಮುಂದುವರಿಯಲಿ.

ಹಾಸನದಿಂದ ಡಲ್ಲಾಸ್‌ಗೆ · ಮೇ 26

ಸ್ಪ್ರಿಂಗ್ ಪ್ರಾಕ್ಟೀಸ್ ಮುಗಿಯಿತು. ಮಗ ಎರಡನೆಯ ಸೆಂಟರ್. ಮೇಷ್ಟರ ಕಾಲಂಗಳ ಲೆಕ್ಕ: ಮೊದಲ ವಾರ ನೂರಕ್ಕೆ 31 ಕೈಗೆ ಸಿಗದವು. ಡೆಡ್ ಸ್ನ್ಯಾಪ್‌ಗೆ ಬದಲಿಸಿದ ಮೇಲೆ 9. ನಿನ್ನೆ 3. ನನ್ನ ಬಲಗೈ ಹೆಬ್ಬೆರಳು ಊದಿಕೊಂಡಿದೆ, ಕಚೇರಿಯಲ್ಲಿ ಏನಾಯಿತೆಂದು ಕೇಳಿದರೆ "ಫುಟ್‌ಬಾಲ್" ಎನ್ನುತ್ತೇನೆ. ಐವತ್ತರ ಹತ್ತಿರದ, ಹೊಟ್ಟೆ ಬಂದ ಮನುಷ್ಯ ಹಾಗೆ ಹೇಳಿದರೆ ಎದುರಿನವರ ಮುಖ ನೋಡುವಂತಿರುತ್ತದೆ.

ಹೊಸ ಸಮಸ್ಯೆಯೆಂದರೆ, ಮನೆಯಲ್ಲಿ ನೂರಕ್ಕೆ 97, ಮೈದಾನದಲ್ಲಿ ಸೆಂಟರ್‌ಗೆ ಮುಖಾಮುಖಿ ನಿಲ್ಲುವ ಡಿಫೆನ್ಸ್‌ನವನು, ನೋಸ್ ಗಾರ್ಡ್, ಎದುರಿಗೆ ನಿಂತೊಡನೆ ಚೆಂಡು ಮೇಲೆ ಹಾರುತ್ತದೆ.

ಮಂಡ್ಯ-ಒಹಾಯೊ · ಮೇ 26

ಭಯಕ್ಕೆ ಸೊಂಟ ಮೊದಲೇ ಏಳುತ್ತಿದೆ. ಸೊಂಟ ಎದ್ದರೆ ಚೆಂಡೂ ಏಳುತ್ತದೆ. ಚೆಂಡು ಕೈ ಬಿಟ್ಟ ಮೇಲೆ ಸೊಂಟ ಏಳಬೇಕು. ಎದುರಿಗೆ ಯಾರನ್ನಾದರೂ ನಿಲ್ಲಿಸಿ, ದಿಂಬು ಹಿಡಿದು ನೂಕಿಸಿ. ನನ್ನ ಮಗನ ತಂಡದಲ್ಲಿ ಇನ್ನೊಂದು ಮಾಡುತ್ತಿದ್ದರು: ಬಕೆಟ್ಟಿನ ನೀರಿಗೆ ಚೆಂಡು ಅದ್ದಿ ಆಡಿಸುವುದು. ಮಳೆಗಷ್ಟೇ ಅಲ್ಲ, ಆಗಸ್ಟ್ ಬೆವರಿಗೂ. ಬೆವರು ಮೊಣಕೈಯಿಂದ ಇಳಿದು ನೇರ ಚೆಂಡಿನ ಮೇಲೆ ಬೀಳುತ್ತದೆ.

ಈ ಆಫೆನ್ಸ್ ನನಗೆ ಈಗಲೂ ಹಿಡಿಸಿಲ್ಲ.

ಹಾಸನದಿಂದ ಡಲ್ಲಾಸ್‌ಗೆ · ಆಗಸ್ಟ್ 19

38 ಡಿಗ್ರಿ ಬಿಸಿಲು. ಮೊದಲ ದಿನಗಳಲ್ಲಿ ಹೆಲ್ಮೆಟ್ ಮಾತ್ರ, ಆಮೇಲೆ ಪೂರ್ತಿ ಕವಚ. ದಿಂಬು ಹಿಡಿದು ನೂಕುವ ಕೆಲಸ ಹೆಂಡತಿಯದು. ಬೇಡ ಎನ್ನುವಷ್ಟು ಉತ್ಸಾಹದಿಂದ ನೂಕುತ್ತಾಳೆ. ಮೊದಲ ಸೆಂಟರ್ ಹುಡುಗ ಭುಜ ನೋಯಿಸಿಕೊಂಡಿದ್ದಾನೆ. ಮೊದಲ ಪಂದ್ಯಕ್ಕೆ ಮಗನೇ.

ತುತ್ತೂರಿ ತಾಯಿ · ಆಗಸ್ಟ್ 31

ನಿನ್ನೆ ರಾತ್ರಿ ಹಾಸನದವರ ಶಾಲೆಯ ಎದುರಾಳಿ ನಮ್ಮ ಶಾಲೆಯೇ. ಅವರು ಬರೆದಿಲ್ಲ, ಆದ್ದರಿಂದ ನಾನು ಬರೆಯುತ್ತೇನೆ, ಅವರು ಕ್ಷಮಿಸಲಿ.

ಎರಡನೆಯ ಕ್ವಾರ್ಟರ್. ಅವರ ತಂಡ ತಮ್ಮದೇ ಎಂಟು ಗಜದ ಗೆರೆಯ ಹತ್ತಿರ ಸಿಕ್ಕಿಕೊಂಡಿತ್ತು. ಸ್ನ್ಯಾಪ್ ಕ್ವಾರ್ಟರ್‌ಬ್ಯಾಕ್‌ನ ತಲೆಯ ಮೇಲಿನಿಂದ ಹಾರಿ ಅಂಕದ ಗೆರೆಯಾಚೆಯ ಎಂಡ್ ಝೋನ್‌ಗೆ ಉರುಳಿತು. ಕ್ವಾರ್ಟರ್‌ಬ್ಯಾಕ್ ಓಡಿಹೋಗಿ ಅದರ ಮೇಲೆ ಬಿದ್ದ, ಅವನ ಮೇಲೆ ನಮ್ಮ ಮೂವರು. ತಮ್ಮದೇ ಎಂಡ್ ಝೋನ್‌ನಲ್ಲಿ ಹೀಗೆ ಸಿಕ್ಕಿಬಿದ್ದರೆ ಅದು ಸೇಫ್ಟಿ. ನಮಗೆ 2 ಅಂಕ, ಮೇಲೆ ಚೆಂಡೂ ನಮಗೇ. ನಮ್ಮ ಬ್ಯಾಂಡ್ ಬಹಳ ದಿನಗಳ ಮೇಲೆ ಒಂದು ತುಣುಕು ಪೂರ್ತಿ ನುಡಿಸಿತು.

ನಾನು ತಿಂಡಿ ಅಂಗಡಿಯ ಸರದಿ ಮುಗಿಸಿ ಆ ಬದಿಯ ಬೇಲಿಯ ಹತ್ತಿರವೇ ನಿಂತಿದ್ದೆ. ಕೆಳಗೆ ಬಿದ್ದ ಕ್ವಾರ್ಟರ್‌ಬ್ಯಾಕ್‌ನ ಕೈ ಹಿಡಿದು ಎಬ್ಬಿಸಲು ಮೊದಲು ಬಂದವನು ಸೆಂಟರ್ ಹುಡುಗ. ಏನೋ ಹೇಳಿದ. ಕ್ವಾರ್ಟರ್‌ಬ್ಯಾಕ್ ಅವನ ಹೆಲ್ಮೆಟ್ ಮೇಲೆ ಒಂದು ಏಟು ತಟ್ಟಿ ಓಡಿದ. ಅಷ್ಟೇ. ಆಮೇಲೆ ಆಟ ಮುಗಿಯುವವರೆಗೆ ಅವನ ಒಂದು ಸ್ನ್ಯಾಪ್ ಕೂಡ ತಪ್ಪಲಿಲ್ಲ. ನಾನು ಎದುರಾಳಿಯ ಕಡೆಯವಳು, ಆದರೂ ಎಣಿಸುತ್ತಿದ್ದೆ.

ಮಂಡ್ಯ-ಒಹಾಯೊ · ಆಗಸ್ಟ್ 31

ಹಾಸನದವರೇ, ಫೋನ್ ಮಾಡಿ. ನಂಬರ್ ಖಾಸಗಿ ಸಂದೇಶದಲ್ಲಿ ಹಾಕಿದ್ದೇನೆ. ಆಫೆನ್ಸ್ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಬಸವನಗುಡಿ ಅಜ್ಜಿ · ಸೆಪ್ಟೆಂಬರ್ 1

ಹುಡುಗ ಊಟ ಮಾಡಿದನೇ?

ಹಾಸನದಿಂದ ಡಲ್ಲಾಸ್‌ಗೆ · ಸೆಪ್ಟೆಂಬರ್ 2

ಮಾಡಿದ ಅಮ್ಮಾ. ಮೊಸರನ್ನ, ಎರಡು ಸಲ. ಮಾತಾಡಲಿಲ್ಲ, ಅಷ್ಟೇ. ಮಂಡ್ಯದವರೊಂದಿಗೆ ಒಂದೂವರೆ ಗಂಟೆ ಮಾತಾಡಿದೆ. ಅರ್ಧ ಗಂಟೆ ಸ್ನ್ಯಾಪ್, ಒಂದು ಗಂಟೆ ಕಬ್ಬಿನ ಬೆಲೆ.

ಹಾಸನದಿಂದ ಡಲ್ಲಾಸ್‌ಗೆ · ಅಕ್ಟೋಬರ್ 16

ಬಹಳ ದಿನದ ಮೇಲೆ. ಆರು ಪಂದ್ಯ ಆಗಿವೆ, ಎರಡು ಗೆಲುವು, ನಾಲ್ಕು ಸೋಲು. ಕಳೆದ ವರ್ಷ ಈ ಹೊತ್ತಿಗೆ ನಾಲ್ಕು ಗೆದ್ದಿದ್ದರು, ಆದ್ದರಿಂದ ಊರಿನ ಹಳೆಯ ಜನ ಕ್ಷೌರದ ಅಂಗಡಿಯಲ್ಲಿ ವಿಂಗ್-ಟಿಯ ತಿಥಿ ಮಾಡುತ್ತಿದ್ದಾರೆ. ಮಂಡ್ಯದವರು ಹೇಳಿದಂತೆಯೇ ಮೂರನೆಯ ಪಂದ್ಯದಲ್ಲಿ ನಮ್ಮ ಡಿಫೆನ್ಸ್ ಕೊನೆಯ ಕ್ವಾರ್ಟರ್‌ನಲ್ಲಿ ನಿಂತಲ್ಲೇ ಕುಸಿಯಿತು. 82 ಹೇಳಿದಂತೆಯೇ ಐದನೆಯದರಲ್ಲಿ ಮೆಶ್ ಒಂದರಿಂದಲೇ ಎರಡು ಟಚ್‌ಡೌನ್ ಬಂದವು. ಯಾರ ವಾದ ಗೆದ್ದಿತು ಎಂದು ನನ್ನನ್ನು ಕೇಳಬೇಡಿ, ಪಂದ್ಯದುದ್ದಕ್ಕೂ ನಾನು ನೋಡುವುದು ಚೆಂಡಿನ ಮೊದಲ ಹದಿನೈದು ಅಡಿ ಮಾತ್ರ. ಅದು ಕ್ವಾರ್ಟರ್‌ಬ್ಯಾಕ್‌ನ ಎದೆ ಸೇರಿದೊಡನೆ ನನ್ನ ಮಟ್ಟಿಗೆ ಪ್ಲೇ ಮುಗಿಯಿತು. ಟಚ್‌ಡೌನ್ ಆಯಿತೆಂದು ಪಕ್ಕದವರು ಭುಜ ಅಲುಗಾಡಿಸಿ ಹೇಳಬೇಕು.

ಮೊದಲ ಸೆಂಟರ್ ಹುಡುಗನ ಭುಜ ವಾಸಿಯಾಗಿದೆ. ಅವನನ್ನು ಗಾರ್ಡ್ ಜಾಗಕ್ಕೆ ಹಾಕಿ, ಮಗನನ್ನು ಸೆಂಟರ್‌ನಲ್ಲೇ ಉಳಿಸಿದ್ದಾರೆ. ಹೊಸ ಕೋಚ್ ಹಳೆಯ ಆಟದಿಂದ ಒಂದೇ ಒಂದು ಪ್ಲೇ ಉಳಿಸಿಕೊಂಡಿದ್ದಾರೆ: ಸೆಂಟರ್ ಸ್ನ್ಯಾಪ್ ಮಾಡಿ, ತಾನೇ ಸಾಲು ಬಿಟ್ಟು ಅಂಚಿಗೆ ಓಡಿ ದಾರಿ ಬಿಡಿಸುವುದು. ವಾರಕ್ಕೆ ಮೂರೋ ನಾಲ್ಕೋ ಸಲ ಆಡಿಸುತ್ತಾರೆ. ಆಗ ಮಾತ್ರ ನಾನು ಹದಿನೈದು ಅಡಿಯಾಚೆಗೂ ನೋಡುತ್ತೇನೆ.

ಶುಕ್ರವಾರ ಮಳೆಯ ಮುನ್ಸೂಚನೆ ಇದೆ. ಹಿತ್ತಿಲಿನಲ್ಲಿ ಬಕೆಟ್ ತುಂಬಿಸಿದ್ದೇನೆ. ಎರಡು ಚೆಂಡು ಅದರಲ್ಲಿವೆ. ಹಳೆಯ ಕನ್ನಡಕ ಹಾಕಿಕೊಂಡಿದ್ದೇನೆ.

ಮಂಡ್ಯ-ಒಹಾಯೊ · ಅಕ್ಟೋಬರ್ 16

ಚೆಂಡನ್ನು ಬಕೆಟ್ಟಿನಲ್ಲೇ ಬಿಡಬೇಡಿ, ಅದ್ದಿ ತಕ್ಷಣ ತೆಗೆಯಿರಿ. ಚರ್ಮ ನೀರು ಕುಡಿದು ಭಾರವಾಗುತ್ತದೆ, ಶುಕ್ರವಾರ ಹಗುರ ಚೆಂಡು ಕೈಗೆ ಬಂದರೆ ಮತ್ತೆ ಮೇಲೆ ಹಾರಿಸುತ್ತಾನೆ.